ಮೀನಖಂಡದ ಮೇಲೆ ದೇಶದ ಕಣ್ಣು

2023ರ ಆಗಸ್ಟ್ 12ರ ರಾತ್ರಿ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕ್ರೀಡಾಂಗಣದಲ್ಲಿ ಕೋರ್ಟ್ನಿ ವೈನ್ ಎಂಬ ಆಟಗಾರ್ತಿ ಚೆಂಡನ್ನು ಪೆನಾಲ್ಟಿ ಚುಕ್ಕಿಯ ಮೇಲಿಟ್ಟು ಹಿಂದೆ ಸರಿದರು. ಮಹಿಳೆಯರ ವಿಶ್ವಕಪ್ ಫುಟ್‌ಬಾಲ್‌ನ ಕ್ವಾರ್ಟರ್‌ಫೈನಲ್ ಅದು. ಎದುರಾಳಿ ಫ್ರಾನ್ಸ್. ಎರಡು ಗಂಟೆಗಳ ಆಟದಲ್ಲಿ ಯಾರೂ ಗೋಲು ಹೊಡೆದಿರಲಿಲ್ಲ. ಪೆನಾಲ್ಟಿಗಳಲ್ಲಾದರೂ ಮುಗಿಯಿತೇ ಎಂದರೆ ಅದೂ ಇಲ್ಲ. ಮುಗಿಸುವ ಅವಕಾಶ ಒಮ್ಮೆ ಆಸ್ಟ್ರೇಲಿಯದ ಗೋಲಿ ಮೆಕೆಂಝಿ ಆರ್ನಾಲ್ಡ್ ಅವರಿಗೇ ಸಿಕ್ಕಿತ್ತು. ಅವರು ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹೊರಬಿತ್ತು. ಆಮೇಲೆ ಅವರೇ ಒಬ್ಬ ಆಟಗಾರ್ತಿಯ ಹೊಡೆತವನ್ನು ತಡೆದರು. ಹೊಡೆತಕ್ಕೆ ಮುಂಚೆಯೇ ಗೆರೆ ಬಿಟ್ಟಿರೆಂದು ತೀರ್ಪುಗಾರರು ಮತ್ತೊಮ್ಮೆ ಒದೆಯಲು ಹೇಳಿದರೆ, ಅದನ್ನೂ ತಡೆದರು! ವೈನ್ ಒದೆಯಬೇಕಾಗಿದ್ದುದು ಇಪ್ಪತ್ತನೆಯ ಪೆನಾಲ್ಟಿ. ಮಹಿಳಾ ವಿಶ್ವಕಪ್‌ನಲ್ಲಾಗಲಿ ಪುರುಷರ ವಿಶ್ವಕಪ್‌ನಲ್ಲಾಗಲಿ ಅಷ್ಟು ದೀರ್ಘವಾದ ಪೆನಾಲ್ಟಿ ಸರಣಿ ಅದುವರೆಗೆ ನಡೆದಿರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಚಿಕ್ಕ ಲೆಕ್ಕ ಹಾಕಿ ನೋಡಬಹುದು. ಪೆನಾಲ್ಟಿ ಚುಕ್ಕಿಯಿಂದ ಗೋಲಿನ ಗೆರೆಗೆ 11 ಮೀಟರ್. ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ ಆ ದೂರಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ 0.4 ಸೆಕೆಂಡು. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಿ ಸ್ನಾಯುಗಳಿಗೆ ಆಜ್ಞೆ ಕಳಿಸಲು ಸುಮಾರು 0.2 ಸೆಕೆಂಡು ಬೇಕು. ಉಳಿದರ್ಧದಲ್ಲಿ ಗೋಲಿ ಮೂರೂವರೆ ಮೀಟರ್ ಪಕ್ಕಕ್ಕೆ ಹಾರಬೇಕು. ಆದ್ದರಿಂದಲೇ ಬಹುಪಾಲು ಗೋಲಿಗಳು ಚೆಂಡು ಹೊರಡುವ ಮೊದಲೇ ದಿಕ್ಕನ್ನು ಊಹಿಸಿಬಿಡುತ್ತಾರೆ. ವೈನ್ ಅವರ ಚೆಂಡು ಬಲೆ ಸೇರಿತು. ಆಸ್ಟ್ರೇಲಿಯಕ್ಕೆ 7-6ರ ಗೆಲುವು. ‘ಮಟಿಲ್ಡಾ’ಗಳು (ತಂಡಕ್ಕೆ ಅಲ್ಲಿಯ ಜನ 1995ರಲ್ಲಿ ಮತ ಹಾಕಿ ಆರಿಸಿಕೊಟ್ಟ ಹೆಸರು) ಮೊತ್ತಮೊದಲ ಬಾರಿಗೆ ವಿಶ್ವಕಪ್ ಸೆಮಿಫೈನಲ್ ತಲಪಿದರು. 2007, 2011, 2015, ಮೂರು ಸಲವೂ ಅವರ ಓಟ ಕ್ವಾರ್ಟರ್‌ಫೈನಲ್‌ನಲ್ಲೇ ನಿಂತಿತ್ತು.

ಸೆಮಿಫೈನಲ್ 16ರ ಬುಧವಾರ ಸಿಡ್ನಿಯಲ್ಲಿ, ರಾತ್ರಿ ಎಂಟಕ್ಕೆ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ. ಎದುರಾಳಿ, ಬೇರೆ ಯಾರೂ ಅಲ್ಲ, ಇಂಗ್ಲೆಂಡ್. ನಡುವೆ ಇದ್ದುದು ನಾಲ್ಕೇ ದಿನ.

ಆ ನಾಲ್ಕು ದಿನಗಳಲ್ಲಿ ಆಸ್ಟ್ರೇಲಿಯದ ಅಂಗಡಿ, ಬಸ್ಸು, ಶಾಲೆಗಳಲ್ಲೆಲ್ಲ ಜನರ ಬಾಯಲ್ಲಿದ್ದ ಪ್ರಶ್ನೆ ಒಂದೇ: ಸ್ಯಾಮ್ ಕೆರ್ ಮೊದಲಿನಿಂದ ಆಡುತ್ತಾರೆಯೇ? ತಂಡದ ನಾಯಕಿ ಕೆರ್ ಆ ದೇಶದ ಅತ್ಯಂತ ಪ್ರಸಿದ್ಧ ಆಟಗಾರ್ತಿ. ಜುಲೈ 20ರಂದು ಐರ್ಲೆಂಡ್ ವಿರುದ್ಧ ಮೊದಲ ಪಂದ್ಯ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ, ಅವರ ಕಾಲಿನ ಮೀನಖಂಡಕ್ಕೆ ಪೆಟ್ಟಾಗಿದೆ, ಆಡುವುದಿಲ್ಲ ಎಂಬ ಸುದ್ದಿ ಹೊರಬಿದ್ದಿತ್ತು. ಮೊದಲ ಮೂರು ಪಂದ್ಯಗಳು ಅವರಿಲ್ಲದೆಯೇ ನಡೆದವು. ಡೆನ್ಮಾರ್ಕ್ ವಿರುದ್ಧ ಕೊನೆಯ ಹತ್ತು ನಿಮಿಷ ಬಂದರು. ಫ್ರಾನ್ಸ್ ವಿರುದ್ಧ ಎರಡನೆಯ ಅರ್ಧದಲ್ಲಿ ಇಳಿದು ಪೆನಾಲ್ಟಿಯೊಂದನ್ನು ಗೋಲಾಗಿಸಿದರು. 2019ರ ವಿಶ್ವಕಪ್‌ನಲ್ಲಿ ನಾರ್ವೆ ವಿರುದ್ಧ ಇಂಥದೇ ಪೆನಾಲ್ಟಿಯನ್ನು ಅವರು ಕಂಬದ ಮೇಲಿಂದ ಆಚೆಗೆ ಒದ್ದು, ತಂಡ ಮನೆಗೆ ಮರಳಿತ್ತೆಂಬುದನ್ನು ನೆನೆದರೆ ಆ ಒಂದು ಒದೆತದ ಭಾರ ಅರ್ಥವಾಗುತ್ತದೆ.

ಮೀನಖಂಡದ ಗಾಯವೆಂದರೆ ಕೆಲವರು ಹಗುರವಾಗಿ ಕಾಣುತ್ತಾರೆ. ಅದು ಸರಿಯಲ್ಲ. ಮೊಣಕಾಲಿನ ಹಿಂದಿನಿಂದ ಇಳಿಯುವ ಎರಡು ಮುಖ್ಯ ಸ್ನಾಯುಗಳು ಹಿಮ್ಮಡಿಯ ಬಳಿ ಒಂದೇ ದಪ್ಪ ಸ್ನಾಯುರಜ್ಜುವಾಗಿ ಕೂಡಿಕೊಳ್ಳುತ್ತವೆ. ನಿಂತಲ್ಲಿಂದ ಚಿಮ್ಮಿ ಓಡುವಾಗ ದೇಹದ ತೂಕದ ಹಲವು ಪಟ್ಟು ಬಲ ಇದರ ಮೇಲೆ ಬೀಳುತ್ತದೆ. ಎಳೆಗಳು ಹರಿದಾಗ ಮೊದಲು ರಕ್ತ ಸೋರಿ ಊತ ಬರುತ್ತದೆ; ಆಮೇಲೆ ಹೊಸ ಎಳೆಗಳು ಬೆಳೆಯುತ್ತವೆ; ಜೊತೆಗೆ ಗಾಯದ ಕಲೆಯಂಥ ಗಡಸು ಅಂಗಾಂಶವೂ ಕೂಡಿಕೊಳ್ಳುತ್ತದೆ. ಈ ಅಂಗಾಂಶಕ್ಕೆ ಸ್ನಾಯುವಿನಷ್ಟು ಹಿಗ್ಗುವ ಗುಣವಿಲ್ಲ. ಅವಸರಪಟ್ಟು ಓಡಿದರೆ ಅದರ ಪಕ್ಕದಲ್ಲೇ ಮತ್ತೆ ಹರಿಯುವ ಭಯ. ನಡೆದರೆ ನೋವಿಲ್ಲ, ನಿಧಾನವಾಗಿ ಓಡಿದರೂ ನೋವಿಲ್ಲ; ಪೂರ್ತಿ ವೇಗದಲ್ಲಿ ಓಡಿದಾಗ ಏನಾಗುತ್ತದೆಂದು ಓಡಿಯೇ ತಿಳಿಯಬೇಕು. ತರಬೇತುದಾರ ಟೋನಿ ಗುಸ್ತಾವ್‌ಸನ್ ಅವರ ಮುಂದಿದ್ದ ಸಂದಿಗ್ಧ ಇದೇ. ನಾಯಕಿಯನ್ನು ಮೊದಲೇ ಇಳಿಸಿ ಇಪ್ಪತ್ತು ನಿಮಿಷದಲ್ಲಿ ಕಳೆದುಕೊಳ್ಳುವುದೋ, ಕೊನೆಗೆಂದು ಉಳಿಸಿಕೊಂಡು ಅಷ್ಟರಲ್ಲಿ ಪಂದ್ಯವೇ ಕೈಬಿಡುವುದೋ?

ಉಳಿದ ಆಟಗಾರ್ತಿಯರ ದೇಹಗಳೂ ದಣಿದಿದ್ದವು. ಎರಡು ಗಂಟೆಯ ಓಟದಲ್ಲಿ ಸ್ನಾಯುಗಳಲ್ಲಿ ಸಂಗ್ರಹವಾದ ಗ್ಲೈಕೋಜನ್ ಬಹುಮಟ್ಟಿಗೆ ಖರ್ಚಾಗುತ್ತದೆ. ಅನ್ನ, ಬ್ರೆಡ್ಡು, ಆಲೂಗಡ್ಡೆಗಳಲ್ಲಿರುವ ಪಿಷ್ಟದಿಂದ ಅದು ಮತ್ತೆ ತುಂಬಿಕೊಳ್ಳಲು ಒಂದೆರಡು ದಿನ ಬೇಕು. ಮನಸ್ಸಿನ ಕಾತರಕ್ಕೆ ಇಂಥ ಸುಲಭ ಉಪಾಯವಿಲ್ಲ. ಪರೀಕ್ಷೆಯ ಬೆಳಿಗ್ಗೆ ಮಕ್ಕಳ ಅಂಗೈ ತಣ್ಣಗಾಗಿ ಬೆವರುವುದನ್ನು ತಾಯಂದಿರು ಬಲ್ಲರು. ಅಡ್ರಿನಲಿನ್ ಹಾರ್ಮೋನು ಚರ್ಮದ ರಕ್ತನಾಳಗಳನ್ನು ಸಂಕುಚಿಸಿ, ರಕ್ತವನ್ನು ದೊಡ್ಡ ಸ್ನಾಯುಗಳತ್ತ ತಿರುಗಿಸುತ್ತದೆ. ಓಡಲು ಸಿದ್ಧವಾದ ದೇಹ ಓಡದೆ ಕುಳಿತಿರುವುದೇ ಕಾತರ!

ಇಂಗ್ಲೆಂಡಿನ ಪಾಳೆಯದಲ್ಲೂ ನೆಮ್ಮದಿ ಇರಲಿಲ್ಲ. 2022ರ ಯುರೋಪಿಯನ್ ಚಾಂಪಿಯನ್ನರಾದರೂ ಲಿಯಾ ವಿಲಿಯಮ್‌ಸನ್, ಬೆತ್ ಮೀಡ್ ಇಬ್ಬರೂ ಮೊಣಕಾಲಿನ ಅಸ್ಥಿಬಂಧ ಹರಿದು ತಂಡದಿಂದ ಹೊರಗುಳಿದಿದ್ದರು. ಲೊರೆನ್ ಜೇಮ್ಸ್ ನೈಜೀರಿಯದ ಆಟಗಾರ್ತಿಯನ್ನು ತುಳಿದು ಎರಡು ಪಂದ್ಯಗಳ ನಿಷೇಧ ಪಡೆದಿದ್ದರು. ಹಿಂದಿನ ಎರಡು ಸೆಮಿಫೈನಲ್‌ಗಳ ನೆನಪೂ ಕಹಿಯೇ. 2015ರಲ್ಲಿ ಜಪಾನ್ ವಿರುದ್ಧ ಕೊನೆಯ ಕ್ಷಣದಲ್ಲಿ ತಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡು ಸೋತರು. 2019ರಲ್ಲಿ ಅಮೆರಿಕ ವಿರುದ್ಧ ಪೆನಾಲ್ಟಿ ವ್ಯರ್ಥಮಾಡಿ ಸೋತರು. ಸಾಲದೆಂಬಂತೆ, ತರಬೇತುದಾರರಾದ ಸರೀನಾ ವೀಗ್ಮನ್ ಅವರ ಕೈಕೆಳಗೆ 30 ಪಂದ್ಯ ಸೋಲರಿಯದೆ ಬಂದ ತಂಡವನ್ನು 2023ರ ಏಪ್ರಿಲ್‌ನಲ್ಲಿ ಮೊದಲ ಸಲ ಸೋಲಿಸಿದ್ದು ಇದೇ ಆಸ್ಟ್ರೇಲಿಯ. ಅಂದೂ ಗೋಲು ಹೊಡೆದವರಲ್ಲಿ ಕೆರ್ ಒಬ್ಬರು. ಜುಲೈನಲ್ಲಷ್ಟೇ ಲಾರ್ಡ್ಸ್‌ನಲ್ಲಿ ಬೇರ್‌ಸ್ಟೊ ಸ್ಟಂಪ್ ಆದ ರೀತಿಗೆ ಎರಡು ದೇಶಗಳ ಪ್ರಧಾನಿಗಳೂ ಮಾತಿಗಿಳಿದಿದ್ದರೆಂಬುದು ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು. ಆ ಬಿಸಿ ಇನ್ನೂ ಆರಿರಲಿಲ್ಲ.

ಆದರೆ ಈ ಎರಡು ತಂಡಗಳ ಕಾಯುವಿಕೆ ನಾಲ್ಕು ದಿನದ್ದಲ್ಲ, ನೂರು ವರ್ಷದ್ದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಪ್ರೆಸ್ಟನ್ ಊರಿನ ಕಾರ್ಖಾನೆಯೊಂದರ ಹೆಣ್ಣುಮಕ್ಕಳು ಆಡಿದ ಸಹಾಯಾರ್ಥ ಪಂದ್ಯಕ್ಕೆ 53,000 ಜನ ಸೇರಿದ್ದರು. ಆ ಕಾರ್ಖಾನೆಯ ಹೆಸರು ‘ಡಿಕ್, ಕೆರ್’. ಸ್ಯಾಮ್ ಕೆರ್‌ಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ. ಮರುವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ ತನ್ನ ಸದಸ್ಯ ಕ್ಲಬ್‌ಗಳ ಅಂಗಣಗಳ ಬಾಗಿಲನ್ನು ಅವರಿಗೆ ಮುಚ್ಚಿತು. ಆ ಬಾಗಿಲು ಮತ್ತೆ ತೆರೆಯಲು ಹತ್ತಿರ ಹತ್ತಿರ ಐವತ್ತು ವರ್ಷ ಬೇಕಾಯಿತು. ಹೆಣ್ಣಿನ ದೇಹ ತಾಳಲಾರದು ಎಂದು ಆಗ ವೈದ್ಯರೂ ದನಿಗೂಡಿಸಿದ್ದರು! ಅದೇ 1921ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಬೇನ್‌ನ ಗಾಬಾ ಅಂಗಣದಲ್ಲಿ ಹೆಂಗಸರ ಪಂದ್ಯ ನೋಡಲು ಸುಮಾರು 10,000 ಮಂದಿ ಬಂದಿದ್ದರು. ನೋಡುವವರು ಆಗಲೂ ಇದ್ದರು, ಆಡಲು ಬಿಡುವವರಿರಲಿಲ್ಲ.

ಕೆರ್ ಅವರಿಗೂ ಇದರ ಬಿಸಿ ತಟ್ಟಿದ್ದುಂಟು. ಅವರ ತಂದೆ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ತಂದೆಯ ತಾಯಿ ಭಾರತೀಯರು. ಮನೆಯಲ್ಲಿ ತಂದೆಯೂ ಅಣ್ಣನೂ ಆಡುತ್ತಿದ್ದುದು ‘ಆಸ್ಟ್ರೇಲಿಯನ್ ರೂಲ್ಸ್’ ಎಂಬ ಒರಟು ಆಟ. ಸ್ಯಾಮ್ ಕೂಡ ಹುಡುಗರ ಜೊತೆ ಅದನ್ನೇ ಆಡಿಕೊಂಡಿದ್ದರು. ಹನ್ನೆರಡರ ಹೊತ್ತಿಗೆ, ಹುಡುಗಿ ಎಂಬ ಕಾರಣಕ್ಕೆ ಬಿಡಬೇಕಾಗಿ ಬಂದು ಫುಟ್‌ಬಾಲಿಗೆ ಬಂದರು. ಹದಿನೈದಕ್ಕೆ ದೇಶದ ತಂಡ ಸೇರಿದರು.

16ರ ಸಂಜೆ ತಂಡದ ಪಟ್ಟಿ ಹೊರಬಂತು. ಕೆರ್ ಹೆಸರು ಅದರಲ್ಲಿತ್ತು. ಅಂಗಣದಲ್ಲಿ ಸೇರಿದವರು 75,784. ಸುಮಾರು 2.6 ಕೋಟಿ ಜನಸಂಖ್ಯೆಯ ದೇಶದಲ್ಲಿ ಸರಾಸರಿ 71 ಲಕ್ಷ ಮಂದಿ ಟೀವಿಯ ಮುಂದೆ ಕುಳಿತಿದ್ದರು. 2001ರಲ್ಲಿ ಆಗಿನ ಎಣಿಕೆಯ ಪದ್ಧತಿ ಬಂದಂದಿನಿಂದ ಅಲ್ಲಿ ಯಾವ ಕಾರ್ಯಕ್ರಮಕ್ಕೂ ಅಷ್ಟು ಪ್ರೇಕ್ಷಕರು ದೊರೆತಿರಲಿಲ್ಲ.

ಇಂಗ್ಲೆಂಡ್ 3-1ರಿಂದ ಗೆದ್ದಿತು. ಆಸ್ಟ್ರೇಲಿಯದ ಆ ಒಂದು ಗೋಲು ಕೆರ್ ಅವರದು, 63ನೆಯ ನಿಮಿಷದಲ್ಲಿ. ತಮ್ಮ ಅರ್ಧದಿಂದ ಬಂದ ಚೆಂಡನ್ನು ಹಿಡಿದು, ಪೂರ್ತಿ ವೇಗದಲ್ಲಿ ಓಡಿ, ಇನ್ನೂ ದೂರದಲ್ಲಿರುವಾಗಲೇ ಒದ್ದರು. ಗೋಲಿಯ ಕೈಗೆ ಅದು ಎಟುಕಲಿಲ್ಲ. ಕೊನೆಯ ಸೀಟಿ ಊದುವವರೆಗೂ ಅವರು ಅಂಗಣ ಬಿಡಲಿಲ್ಲ. ಮೂರು ದಿನಗಳ ಬಳಿಕ ಮೂರನೆಯ ಸ್ಥಾನದ ಪಂದ್ಯದಲ್ಲಿ ಸ್ವೀಡನ್ನಿಗೂ ಸೋತರು. ಅದು ನಡೆದದ್ದು ಬ್ರಿಸ್ಬೇನ್‌ನಲ್ಲೇ, ಬಂದಿದ್ದವರು 49,461.