ಬೀದಿಯ ಮೂಲೆ ಬರಿದಾಗಿರಲಿ

ಮಗುವನ್ನು ಶಾಲೆಗೆ ಕಳುಹಿಸುವಾಗ ನಾವೆಲ್ಲರೂ ತಪ್ಪದೆ ಹೇಳುವ ಮಾತೊಂದುಂಟು: "ಎರಡು ಕಡೆಯೂ ನೋಡಿ ದಾಟು." ಮಾತು ಸರಿಯಾದುದೇ. ಆದರೆ ನಾಲ್ಕು ಬೀದಿಗಳು ಕೂಡುವ ಮೂಲೆಯಲ್ಲಿ ನಿಂತು ನೋಡಿದ ಮಗುವಿಗೆ ಕಾಣುವುದೇನು? ಮೂಲೆಗೆ ಒತ್ತಿ ನಿಲ್ಲಿಸಿದ ಮೋಟಾರಿನ ಬಾಗಿಲು ಮಾತ್ರ. ಬರುವ ಗಾಡಿಯನ್ನು ಕಾಣಬೇಕಾದರೆ ಅದು ರಸ್ತೆಗೆ ಎರಡು ಹೆಜ್ಜೆ ಇಳಿಯಲೇಬೇಕು. ಗಾಡಿ ನಡೆಸುವವನಿಗೆ ಮಗು ಕಾಣುವುದೂ ಆ ಎರಡು ಹೆಜ್ಜೆಗಳಾದ ಮೇಲೆಯೇ. ಅನಾಹುತವಾದ ಬಳಿಕ ತಪ್ಪು ಯಾರದೆಂದು ವಾದಿಸಿ ಫಲವೇನು? ಇಬ್ಬರೂ ನೋಡಿದ್ದರು, ಇಬ್ಬರಿಗೂ ಕಾಣಲಿಲ್ಲ.

ಲೆಕ್ಕವನ್ನು ತುಸು ನೋಡೋಣ. ಗಂಟೆಗೆ 30 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ವೇಗವು 50 ಆದರೆ ಸುಮಾರು 14 ಮೀಟರು. ಕಣ್ಣು ಕಂಡು, ಮನಸ್ಸು ಅರಿತು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆಯುವುದು. ಆಮೇಲೆ ಗಾಡಿ ನಿಲ್ಲುವುದಕ್ಕೆ ಮತ್ತಷ್ಟು ದೂರ ಬೇಕು. ಆದುದರಿಂದ ಮೂಲೆಯಲ್ಲಿ ಬರಿದಾಗಿ ಉಳಿದ ಕೆಲವು ಅಡಿಗಳು ಬರಿಯ ನೆಲವಲ್ಲ. ಜೀವ ಉಳಿಸುವ ಸಮಯ.

ಇದನ್ನರಿತ ಒಂದು ಊರಿನ ಸಂಗತಿಯನ್ನು ವಾಚಕರಿಗೆ ತಿಳಿಸಬೇಕೆನಿಸಿತು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ, ಹಡ್ಸನ್ ನದಿಯ ದಡದಲ್ಲಿ, ಹೊಬೋಕನ್ ಎಂಬ ಪಟ್ಟಣವಿದೆ. ಅದರ ನೆಲ ಸುಮಾರು ಒಂದೂಕಾಲು ಚದರ ಮೈಲಿ. 2020ರ ಗಣತಿಯಂತೆ ಜನಸಂಖ್ಯೆ ಅರುವತ್ತು ಸಾವಿರಕ್ಕೆ ಮೇಲೆ. ಅಷ್ಟು ಇಕ್ಕಟ್ಟಿನಲ್ಲಿ ಮೋಟಾರು ನಿಲ್ಲಿಸುವ ಒಂದೊಂದು ಜಾಗಕ್ಕೂ ಎಷ್ಟು ಪೈಪೋಟಿಯೆಂಬುದನ್ನು ಊಹಿಸಿಕೊಳ್ಳಬಹುದು. ಜನರು ದಾಟುವ ಪಟ್ಟೆಯಿಂದ 25 ಅಡಿಯೊಳಗೆ ವಾಹನ ನಿಲ್ಲಿಸಕೂಡದೆಂಬ ಕಾನೂನು ಆ ಸಂಸ್ಥಾನದಲ್ಲಿ ಮೊದಲಿನಿಂದಲೂ ಇತ್ತು. ಆದರೆ ಕಾನೂನು ಪುಸ್ತಕದಲ್ಲಿದ್ದರೆ ಮೂಲೆ ಬರಿದಾಗುವುದೆ?

ಹೊಬೋಕನ್ನಿನ ಪೌರಸಭೆಯು ಮೂಲೆಗಳಲ್ಲಿ ಬಗ್ಗುವ ಕಂಬಗಳನ್ನು ನೆಡಿಸಿತು. ಕೆಲವೆಡೆ ಕಾಲುದಾರಿಯನ್ನೇ ಮುಂದಕ್ಕೆ ಚಾಚಿ, ಮಳೆನೀರು ಇಂಗುವ ಗಿಡದ ಪಾತಿಗಳನ್ನು ಮಾಡಿತು. ಕೆಲವು ದೀಪಗಳ ಬಳಿ ನಡೆಯುವವರಿಗೆ ಗಾಡಿಗಳಿಗಿಂತ ಕೆಲವು ಸೆಕೆಂಡು ಮೊದಲೇ ಅಪ್ಪಣೆ ದೊರೆಯುವಂತಾಯಿತು. 2019ರಲ್ಲಿ ಆಗಿನ ಮೇಯರ್ ರವಿ ಭಲ್ಲಾ ಅವರು, ಬೀದಿಯ ಅಪಘಾತದಿಂದ ಯಾರೂ ಸಾಯಬಾರದೆಂಬ ಗುರಿಯನ್ನು ಪಟ್ಟಣಕ್ಕೆ ಗೊತ್ತುಮಾಡಿದರು. 2022ರಲ್ಲಿ ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ ಇಳಿಸಲಾಯಿತು. 2017ರ ಜನವರಿಯಿಂದ ಮುಂದೆ ಏಳು ವರ್ಷಗಳ ಕಾಲ ಆ ಊರಿನ ಬೀದಿಗಳಲ್ಲಿ ಇಂಥ ಒಂದು ಸಾವೂ ಆಗಲಿಲ್ಲ. ಈ ಫಲವೆಲ್ಲ ಮೂಲೆಯೊಂದರಿಂದಲೇ ಬಂದಿತೆಂದು ನಾವು ಹೇಳೆವು. ಆದರೆ ಮೂಲೆ ಮುಚ್ಚಿದ್ದರೆ ಉಳಿದ ಉಪಾಯಗಳು ಎಷ್ಟರಮಟ್ಟಿಗೆ ನಡೆಯುತ್ತಿದ್ದುವು?

ಈ ಕ್ರಮಕ್ಕೆ ಅಲ್ಲಿಯವರು 'ಡೇಲೈಟಿಂಗ್' ಎನ್ನುವರು. ಮೂಲೆಗೆ ಹಗಲನ್ನು ತರುವುದೆಂದು ಅರ್ಥ. ಕ್ಯಾಲಿಫೋರ್ನಿಯ ಸಂಸ್ಥಾನವೂ 2023ರಲ್ಲಿ ಇಂಥದೇ ಕಾನೂನು ಮಾಡಿ, ದಾಟುವ ಪಟ್ಟೆಗೆ ಗಾಡಿಗಳು ಬರುವ ಕಡೆಯಲ್ಲಿ 20 ಅಡಿ ಜಾಗವನ್ನು ತೆರವಾಗಿಡಬೇಕೆಂದು ವಿಧಿಸಿತು. ಇಲ್ಲೊಂದು ಎಚ್ಚರಿಕೆಯ ಮಾತು: ಬಣ್ಣ ಬಳಿದು ಬಿಟ್ಟ ಬಯಲು ಮೂಲೆಯನ್ನು ಅವಸರದ ಚಾಲಕನು ಅಡ್ಡಹಾಯ್ದು ವೇಗವಾಗಿ ತಿರುಗಿಯಾನು. ಅಲ್ಲಿ ಕಂಬವೋ, ಸೈಕಲ್ ನಿಲ್ಲಿಸುವ ಕಟ್ಟೋ, ತಗ್ಗಾದ ಗಿಡವೋ ಇರುವುದು ಒಳ್ಳೆಯದು: ಗಾಡಿಗೆ ತಡೆ, ಕಣ್ಣಿಗೆ ಬಯಲು.

ನಮ್ಮ ದೇಶದ ಮೋಟಾರು ವಾಹನ ನಿಯಮಗಳೂ ರಸ್ತೆಗಳು ಕೂಡುವಲ್ಲಿ ಗಾಡಿ ನಿಲ್ಲಿಸುವುದನ್ನು ನಿಷೇಧಿಸುತ್ತವೆ. ಕಂಬ ನೆಡುವುದು ಪೌರಸಭೆಯ ಕೆಲಸವೆಂಬುದು ನಿಜ. ಆದರೆ ಮೂಲೆಯಂಗಡಿಯಲ್ಲಿ ಹಾಲೋ ಔಷಧವೋ ಕೊಳ್ಳುವುದಕ್ಕಾಗಿ, "ಎರಡೇ ನಿಮಿಷ" ಎಂದು ಅಲ್ಲಿ ಗಾಡಿ ನಿಲ್ಲಿಸುವವರು ಯಾರು? ದುರುಳರಲ್ಲ, ನಮ್ಮಂಥ ಗೃಹಸ್ಥರೇ. ಆ ಎರಡು ನಿಮಿಷಗಳಲ್ಲಿ ಬೇರೆ ಮನೆಯ ಮಗುವೊಂದು ನಮ್ಮ ಗಾಡಿಯ ಮರೆಯಿಂದ ರಸ್ತೆಗೆ ಇಳಿಯಬಹುದು.

ನಾಳೆಯಿಂದ ಗಾಡಿಯನ್ನು ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಿ, ಅಂಗಡಿಗೆ ನಡೆದೇ ಹೋಗೋಣ. ಎರಡು ಕಡೆಯೂ ನೋಡೆಂದು ಮಗುವಿಗೆ ಹೇಳುವ ನಾವು, ನೋಡಿದರೆ ಕಾಣುವಂಥ ಬೀದಿಯನ್ನೂ ಅದಕ್ಕೆ ಕೊಡಬೇಡವೆ?