ಅಜ್ಜಿ ಮನೆಯ ಲಕ್ಷ್ಮಿ ಒರಿಜಿನಲ್ಲಾ?

ಕಳೆದ ರಜೆಯಲ್ಲಿ ನಾವು ನಾಲ್ವರು ಹಂಗಾರಕಟ್ಟೆಯ ಗೆಳೆಯನ ಮನೆಗೆ ಹೋಗಿದ್ದೆವು. ಚಾವಡಿಯ ಗೋಡೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟಗಳು. "ನಮ್ಮ್ ಮಾವ ಬೊಂಬಾಯಿಂದ ತಂದದ್ದ್ ಮಕ್ಳೇ" ಅಂದರು ಅಜ್ಜಿ. ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು, ಎರಡೂ ಈಚಿನ ಪ್ರಿಂಟು, ಒಂದಕ್ಕೆ ಐನೂರು ಕೊಡ್ತೇನೆ ಅಂದಿದ್ದನಂತೆ. ಕೊಡುವುದೋ ಬೇಡವೋ? ನಾವು ಪರೀಕ್ಷೆಗೆ ಕೂತೆವು.

ಮೊದಲು ಹೆಸರು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರು ಮಾಡಿದರು. ಆಮೇಲೆ ಅದು ಲೋಣಾವಳ ಸಮೀಪದ ಮಳವಳಿಗೆ ಹೋಯಿತು. ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡರು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಅಚ್ಚು ನಡೆಯುತ್ತಲೇ ಇತ್ತು. ಹಾಗಾಗಿ ಅಡಿಯಲ್ಲಿ ಪ್ರೆಸ್ಸಿನ ಹೆಸರಿದ್ದ ಮಾತ್ರಕ್ಕೆ ವರ್ಷ ಗೊತ್ತಾಗೋದಿಲ್ಲ. 'ಕಾರ್ಲಾ-ಲೋಣಾವಳ' ಅಂತಿದ್ದರೆ ಮಾತ್ರ, ಅದು ಮುಂಬಯಿ ಕಾಲದ್ದಲ್ಲ ಎಂದಾದರೂ ಹೇಳಬಹುದು.

ಎರಡನೆಯದು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಆಗ ಅಚ್ಚು ಹಾಕುತ್ತಿದ್ದದ್ದು ಕಲ್ಲಿನಿಂದ. ಎಣ್ಣೆ-ನೀರು ಬೆರೆಯದು ಎಂಬುದೇ ಅದರ ತತ್ತ್ವ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಚುಕ್ಕೆಗಳನ್ನು ಕೈಯಲ್ಲೇ ಇಡಬೇಕು. ಆದ್ದರಿಂದ ಚುಕ್ಕೆಗಳು ಅಂಕುಡೊಂಕು, ಸಾಲು ತಪ್ಪಿರುತ್ತವೆ. ಆಫ್‌ಸೆಟ್‌ನಲ್ಲಿ ಹಾಗಲ್ಲ: ನಾಲ್ಕೇ ಬಣ್ಣದ ಚುಕ್ಕೆಗಳು ಅಳತೆಗೆ ಸರಿಯಾಗಿ ಕೂತು, ಸಣ್ಣ ಹೂವಿನ ಹಾಗೆ ಕಾಣುತ್ತವೆ. ಅಮೆರಿಕದ ಬೇಸ್‌ಬಾಲ್ ಕಾರ್ಡುಗಳಿಗೂ ಇದೇ ಪರೀಕ್ಷೆ. 1909ರ ಸುಮಾರಿಗೆ ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಹೋನಸ್ ವ್ಯಾಗ್ನರ್ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅದರ ನಕಲಿಗಳು ಎಷ್ಟೋ ಸಲ ಸಿಕ್ಕಿಬೀಳುವುದು ಈ ಚುಕ್ಕೆಗಳಲ್ಲೇ.

ಮೂರನೆಯದು ಯುವಿ ಟಾರ್ಚ್. ಕಾಗದ ಬೆಳ್ಳಗೆ ಕಾಣಲಿ ಅಂತ ರಾಸಾಯನಿಕ ಸೇರಿಸುವುದು ರೂಢಿಯಾದದ್ದು ಸುಮಾರು 1950ರ ನಂತರ. ಅಂಥ ಕಾಗದ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ.

ನಾಲ್ಕನೆಯದು ಅಂಚು. ಕಟ್ಟಿನ ಮರದ ಕೆಳಗೆ ಅಡಗಿದ ಭಾಗಕ್ಕೆ ಬೆಳಕು ತಾಗಿರುವುದಿಲ್ಲ, ಅಲ್ಲಿ ಬಣ್ಣ ಗಾಢವಾಗಿ ಉಳಿದಿರಬೇಕು. ಚಹಾ ಬಳಿದು ಹಳತು ಮಾಡಿದ ಕಾಗದದಲ್ಲಿ ಈ ವ್ಯತ್ಯಾಸ ಇರೋದಿಲ್ಲ.

ಲಕ್ಷ್ಮಿ ಎಲ್ಲದರಲ್ಲೂ ಪಾಸು. ಸರಸ್ವತಿ ಭೂತಗನ್ನಡಿಯಲ್ಲೇ ಫೇಲು, ಟಾರ್ಚಿಗೂ ಹೊಳೆದಳು. ಆಗ ಅಜ್ಜಿಗೆ ನೆನಪಾಯಿತು: ಹಳೆಯದನ್ನು ಗೆದ್ದಲು ತಿಂದಿತ್ತು, ಅದೇ ಕಟ್ಟಿಗೆ ಉಡುಪಿಯಿಂದ ತಂದ ಹೊಸ ಪಟ ಹಾಕಿಸಿದ್ದರು.

ಒಂದು ಮಾತು ಮರೆಯಬಾರದು. ಫೇಲಾದರೆ ಹಳೆಯದಲ್ಲ ಎಂಬುದು ಬಹುತೇಕ ಖಾತ್ರಿ. ಪಾಸಾದರೆ ಮಾತ್ರ ಖಾತ್ರಿಯಿಲ್ಲ, 'ಇನ್ನೂ ಸಿಕ್ಕಿಬಿದ್ದಿಲ್ಲ' ಅಷ್ಟೇ. ಬೆಲೆ ಕಟ್ಟುವ ಮೊದಲು ತಿಳಿದವರ ಕಣ್ಣಿಗೆ ಬೀಳಲಿ. ಅಲ್ಲಿಯವರೆಗೆ ಲ್ಯಾಮಿನೇಶನ್ ಬೇಡ, ಒದ್ದೆ ಬಟ್ಟೆ ಬೇಡ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯಂತೂ ಬೇಡವೇ ಬೇಡ.

ಇದನ್ನೆಲ್ಲ ಅಜ್ಜಿಗೂ ಹೇಳಿದೆವು. ಅವರು ಸರಸ್ವತಿಯನ್ನೇ ನೋಡುತ್ತಾ ಕೇಳಿದರು, "ಹಾಂಗಾರೆ ಅದ್ಕ್ ಹೂಗ್ ಇಡೂದ್ ಬ್ಯಾಡ್ದಾ?"

ಅದಕ್ಕೆ ನಮ್ಮ ಹತ್ತಿರ ಟೆಸ್ಟ್ ಇರಲಿಲ್ಲ. ಎರಡೂ ಪಟ ಈಗ ಒಳಗೋಡೆಯಲ್ಲಿವೆ.