ಜಾಮಿಟ್ರಿ ಬಾಕ್ಸ್‌ನೊಳಗೊಂದು ರೇಡಿಯೋ

ಹತ್ತನೇ ತರಗತಿ ಮುಗಿದ ಮೇಲೆ ನನ್ನ ತಗಡಿನ ಜಾಮಿಟ್ರಿ ಬಾಕ್ಸ್ ಮೂಲೆ ಸೇರಿತ್ತು. ಈಗ ಅದರೊಳಗೆ 'ಪಿಕ್ಸಿ' ಎಂಬ ಪುಟ್ಟ ಮೋರ್ಸ್ ರೇಡಿಯೋ ಇದೆ. ಎರಡು ಟ್ರಾನ್ಸಿಸ್ಟರ್, ಎಲ್‌ಎಂ386 ಐಸಿ, 7.023 ಮೆಗಾಹರ್ಟ್ಸ್‌ನ ಕ್ರಿಸ್ಟಲ್, 9 ವೋಲ್ಟ್ ಬ್ಯಾಟರಿ, ಮುಖ್ಯವಾದವು ಇಷ್ಟೇ. ಹ್ಯಾಮ್ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಬೆಸುಗೆ ಹಾಕಲು ಕುಳಿತೆ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಶಕ್ತಿ ಎಷ್ಟೇ ಕಡಿಮೆಯಿರಲಿ.

ಒಂದು ಟ್ರಾನ್ಸಿಸ್ಟರ್ ಕ್ರಿಸ್ಟಲ್ ಜೊತೆ ಸೇರಿ ಕಂಪನ ಹುಟ್ಟಿಸುತ್ತದೆ. ಇನ್ನೊಂದಕ್ಕೆ ಎರಡು ಕೆಲಸ. ಕೀ ಒತ್ತಿದಾಗ ಆ ಕಂಪನವನ್ನು ಬಲಪಡಿಸಿ ಆಂಟೆನಾಗೆ ಕಳಿಸುತ್ತದೆ. ಕೀ ಬಿಟ್ಟಾಗ ಹೊರಗಿನಿಂದ ಬಂದ ಸಿಗ್ನಲನ್ನು ಅದೇ ಕಂಪನದೊಡನೆ ಬೆರೆಸುತ್ತದೆ. ಇವೆರಡರ ಆವೃತ್ತಿಯಲ್ಲಿ 700 ಹರ್ಟ್ಸ್ ವ್ಯತ್ಯಾಸವಿದ್ದರೆ ಇಯರ್‌ಫೋನಿನಲ್ಲಿ 700 ಹರ್ಟ್ಸ್‌ನ 'ಪೀಂ' ಕೇಳುತ್ತದೆ. ಬೀಟ್ಸ್ ಪಾಠ ನಿದ್ದೆಗಣ್ಣಲ್ಲಿ ಕೇಳಿದ್ದ ನನಗೆ ಆಗಲೇ ಅದು ಅರ್ಥವಾದದ್ದು.

ಮೊದಲ ದಿನ ಬ್ಯಾಟರಿ ಬಿಸಿಯಾಯಿತೇ ಹೊರತು ಸದ್ದಿಲ್ಲ. ಬೋರ್ಡಿನ ಅಡಿಯ ಬೆಸುಗೆಗಳು ತಗಡಿಗೆ ತಾಗಿದ್ದವು. ಹಳೆಯ ಮದುವೆ ಕಾರ್ಡ್ ಕತ್ತರಿಸಿ ಕೆಳಗೆ ಹಾಸಿದೆ. ಹ್ಯಾಕ್ಸಾ ಬ್ಲೇಡಿನ ತುಂಡೇ ಕೀ. ಅದರ ಬಣ್ಣ ಉಜ್ಜಿ ತೆಗೆಯದಿದ್ದರೆ ಕರೆಂಟ್ ಹರಿಯದು. ಆಂಟೆನಾ ಎಂದರೆ ಸುಮಾರು ಹತ್ತು ಹತ್ತು ಮೀಟರಿನ ಎರಡು ತಾಮ್ರದ ತಂತಿ.

ಮಗ್ರಿಬ್ ಮುಗಿಸಿ ತಾರಸಿಯಲ್ಲಿ ಕೂತು ಕರೆದೆ. ಎರಡು ಸಂಜೆ ಯಾವುದೋ ಬಾನುಲಿ ಕೇಂದ್ರದ ಹಾಡೇ ಕಿವಿ ತುಂಬಿತು. ಇಂಥ ಸರಳ ಸರ್ಕ್ಯೂಟಿಗೆ ಬೇಡದ್ದನ್ನು ಸೋಸುವ ಶಕ್ತಿ ಕಡಿಮೆ. ಮೂರನೇ ಸಂಜೆ, ಆ ಹಾಡಿನ ಅಡಿಯಲ್ಲಿ ತೀರಾ ಮೆಲ್ಲಗೆ, ನನ್ನದೇ ಕರೆಸಂಕೇತ ತಿರುಗಿ ಬಂತು. ಕೈ ನಡುಗಿ ಉತ್ತರದ ಮೊದಲ ಅಕ್ಷರವನ್ನೇ ತಪ್ಪು ಒತ್ತಿದೆ.